ಸ್ಪೀಕರ್ ಇಲ್ಲದ ಕಾರ್ ರೇಸ್

ಅಪ್ಪಾ,

ಚಾದರದ ಡಿಸೈನ್ ತೋರಿಸಲು ಅಕ್ಕಲಕೋಟಕ್ಕೆ ಹೊರಟೆ, ಸಂಜೆ ಬಸ್ಸಿಗೆ ಬರುತ್ತೇನೆ. ಮಧ್ಯಾಹ್ನ ಅಂಗಡಿಯ ಆಶಿಷ ನಮ್ಮ ಕಂಪ್ಯೂಟರ್ ಜೋಡಿಸಲು ಬರುತ್ತಾನೆ. ಅವನಿಗೆ ಚಹಾ ಕೊಡಿ, ಸಲಹೆ ಕೊಡಬೇಡಿ.

ನೀವು ಅಂಗಡಿಗೆ ಹೋಗಿದ್ದನ್ನು ನಿನ್ನೆ ಅವನೇ ಬಾಯಿಬಿಟ್ಟ: "ಕಾಕಾ ಬಂದಿದ್ರು. ಗೇಮಿನ ಗ್ರಾಫಿಕ್ಸ್ ಕಾರ್ಡ್ ಬ್ಯಾಡ, ಅದರ ಬದ್ಲಿ ಮುಕ್ತಾಗ ದೊಡ್ಡ ಮಾನಿಟರ್ ಹಾಕು, ಚಾದರದ ಅಂಚು ಪೂರಾ ಕಾಣಬೇಕು ಅಂದಾರ."

ಆ ಕಾರ್ಡಿಗಾಗಿ ದೀಪಾವಳಿಯಿಂದ ನನ್ನ ಜೊತೆ ಜಗಳವಾಡಿದವರು ನೀವೇ ಅಲ್ಲವೇ? ನಾನಿಲ್ಲದಾಗ ಹೋಗಿ ಸೋತು ಬಂದಿರಾ?

ಎರಡನ್ನೂ ಹಾಕಲು ಹೇಳಿದ್ದೇನೆ. ಅದಕ್ಕೆ ಹಣ ಹೊಂದಿಸಲು ಸ್ಪೀಕರ್ ಬಿಟ್ಟೆ. ಕಾರ್ ರೇಸ್ ಆಡುವಾಗ ಇಂಜಿನ್ನಿನ ಸದ್ದು, ಬ್ರೇಕಿನ ಸದ್ದು ಎಲ್ಲ ನೀವೇ ಬಾಯಿಂದ ಮಾಡಿಕೊಳ್ಳಿ. ಗಾಬರಿಯಾಗಬೇಡ ಎಂದು ಅವ್ವನಿಗೆ ಹೇಳಿಟ್ಟಿದ್ದೇನೆ.

ಮುಕ್ತಾ