ಬ್ರಷ್ ಹಿಡಿದ ಇಪ್ಪತ್ತು ಬೆಳಗು

ಜೂನ್ ೧೨, ಬುಧವಾರ

ಮದುವೆಯಾಗಿ ನಲವತ್ತು ದಿನ. ಅದರಲ್ಲಿ ಇಪ್ಪತ್ತು ಬೆಳಗು ನಾನು ಬಾಲ್ಕನಿಯ ಪ್ಯಾಶನ್ ಫ್ಲವರ್ ಬಳ್ಳಿಗೆ ಬ್ರಷ್ಷಿನಿಂದ ಪರಾಗ ಹಚ್ಚಿದ್ದೇನೆ. ಆ ನೇರಳೆ ಎಳೆಗಳ ಹೂವು ಎಷ್ಟು ಮುದ್ದು! ಒಂದೇ ದಿನದ ಆಯಸ್ಸು ಎಂದು ಹಲ್ಲು ಕೂಡ ಉಜ್ಜದೆ ಓಡುತ್ತಿದ್ದೆ. "ಈ ಸಲ ಕಾಯಿ ಗ್ಯಾರಂಟಿ ಕಣೇ" ಎನ್ನುತ್ತಿದ್ದರು ಇವರು.

ಇಂದು ನಾದಿನಿ ಬಂದವಳೇ ನಕ್ಕಳು. "ಅಯ್ಯೋ ಅತ್ತಿಗೆ, ಈ ಜಾತಿ ತನ್ನದೇ ಪರಾಗಕ್ಕೆ ಕಾಯಿ ಕಟ್ಟಲ್ಲ, ಬೇರೆ ಬಳ್ಳೀದು ಬೇಕು. ನರ್ಸರಿ ನಡೆಸೋ ಅಣ್ಣಂಗೆ ಗೊತ್ತಿಲ್ವಾ? ಅವನು ಕದ್ದು ತೆಗೆದು ಕಳಿಸಿದ ನಿಮ್ಮ ವಿಡಿಯೋ ನೋಡಿ ನಾವೆಲ್ಲ ಬಿದ್ದೂ ಬಿದ್ದೂ ನಕ್ಕಿದ್ವಿ!"

ವಿಡಿಯೋ ಕೂಡ!

ಊಟಕ್ಕೆ ಕೂತಾಗ ಇವರು "ಅಡುಗೆ ಸೂಪರ್" ಎಂದರು. ನಿಜವೋ ಸುಳ್ಳೋ ಎಂದು ಮುಖ ನೋಡಿದೆ. ನಿನ್ನೆಯವರೆಗೂ ಹಾಗೆ ನೋಡಬೇಕೆಂದು ನನಗೆ ಅನ್ನಿಸಿಯೇ ಇರಲಿಲ್ಲ.