ಸೆರಗಿನ ಭತ್ತ

ಮರಳಿ
18-12-2024

ಚಿ. ಭವಾನಿಗೆ ನಿನ್ನ ಅವ್ವನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಕಾಗದ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ಈ ಮನೆಯಲ್ಲಿ ಗೋಡೆಗೂ ಕಿವಿ. ಸುಗ್ಗಿ ಮುಗಿಯಿತು. ನಿಮ್ಮಪ್ಪನ ಕೆಮ್ಮು ಇಳಿದಿದೆ. ನಿನ್ನಜ್ಜಿ ಗುಂಡುಕಲ್ಲಿನ ಹಾಗಿದ್ದಾರೆ, ಅವರಿಗೇನು ಧಾಡಿ!

ನೀನು ಮಾಡಿದ ಭತ್ತದ ವಂಶಮರದ ಚಿತ್ರ ಅಪ್ಪನ ಫೋನಿಗೆ ಬಂತು. ಧಾರವಾಡಕ್ಕೆ ಹೋಗಿ ಇದನ್ನು ಕಲಿತೆಯಲ್ಲ, ಭಾಳ ಶಾಣ್ಯಾಕಿ! ಎಲೆ ಅರೆದು, ಅದರೊಳಗಿನ ಡಿಎನ್‌ಎ ಅಕ್ಷರ ಓದಿಸಿ, ಸಾಲಿನ ಕೆಳಗೆ ಸಾಲು ಹೊಂದಿಸಿ, ಎಲ್ಲೆಲ್ಲಿ ಬೇರೆ ಎಂದು ನೋಡಿದರೆ ಯಾವ ಭತ್ತ ಯಾವುದಕ್ಕೆ ಹತ್ತಿರದ ನೆಂಟ ಎಂದು ತಿಳಿಯುತ್ತದೆ ಅಂದಿದ್ದೆ. ಮರದ ಬೇರು ಎಲ್ಲಿದೆ ಎಂದು ಗೊತ್ತಾಗಲು ಒಂದು ದೂರದ ನೆಂಟನೂ ಬೇಕೆಂದೆ ನೀನು. ಅದಕ್ಕೆಂದು ಕೆಸರಿಗಿಳಿದು ಕಾಲುವೆಯಂಚಿನ ಕಾಡುಭತ್ತ ಕಿತ್ತುಕೊಟ್ಟವಳು ನಾನೇ. ನನ್ನ ಸೆರಗಿನ ಭತ್ತದ ಎಲೆ ಕೊಟ್ಟವಳೂ ನಾನೇ.

ಮದುವೆಯಾಗಿ ತವರು ತಾವರಗೇರಾದಿಂದ ಉಡಿ ತುಂಬಿಸಿಕೊಂಡು ಬರುವಾಗ ನಮ್ಮವ್ವ ಸೆರಗಿಗೆ ಕಟ್ಟಿದ ಬೀಜ ಅದು. ಕೆರೆ ಹಿಂದಿನ ತುಂಡು ಹೊಲದಲ್ಲಿ ಅವಳೇ ಕೈಯಾರೆ ಬೆಳೆದದ್ದು. ಮರುವರ್ಷ ಅವಳು ಸತ್ತಳು. ಅಂದಿನಿಂದ ಗದ್ದೆಯ ಒಂದು ಮೂಲೆಯಲ್ಲಿ ಬೇರೆ ನಾಟಿ ಮಾಡಿ, ಬೇರೆ ಬಡಿದು, ಬೇರೆ ಗಂಟು ಕಟ್ಟಿ ಇಟ್ಟೆ. ನಿನ್ನ ಮದುವೆಗೆ ನಿನ್ನ ಸೆರಗಿಗೆ ಕಟ್ಟಬೇಕೆಂದು.

ನಿನ್ನ ಮರದಲ್ಲಿ ಅದು ನಮ್ಮ ಗದ್ದೆಯ ಸೋನಾ ಮಸೂರಿಯ ಜೊತೆ ಒಂದೇ ಟೊಂಗೆಯಲ್ಲಿದೆ. ಒಂದಕ್ಷರವೂ ಫರಕಿಲ್ಲ ಎಂದು ನೀನೇ ಬರೆದಿದ್ದೆ. ಎಲೆಯ ಪೊಟ್ಟಣ ಅದಲುಬದಲಾಗಿರಬೇಕು ಅಂದೆ ನಾನು. ನಿನ್ನಜ್ಜಿ ಎಲೆಅಡಿಕೆ ಮೆಲ್ಲುತ್ತಲೇ ಹೇಳಿದರು: “ನಿನ್ನ ನೆಲ್ಲು ನೀ ಸೊಸಿಯಾಗಿ ಬಂದಾವತ್ತ ಎಮ್ಮಿಗೆ ಕುದಿಸಿ ಹಾಕಿದ್ನವಾ. ಗಂಟಿನ್ಯಾಗ ನಮ್ಮ ನೆಲ್ಲು ಕಟ್ಟಿಟ್ಟೆ. ಜ್ವಾಳದ ಸೀಮಿಯಾಕಿ, ನಿನಗೇನ ತಿಳೀತಿತ್ತು?”

ನಿಮ್ಮಪ್ಪನ ಮುಖ ನೋಡಿದೆ. “ಹಳೀ ಮಾತು ಬಿಡು. ಯಾವ ನೆಲ್ಲಾದ್ರೇನು, ಅನ್ನ ಅನ್ನನ ಅಲ್ಲೇನು?” ಅಂದರು. ಅವರಿಗೂ ಗೊತ್ತಿತ್ತು. ನಾನು ಪ್ರತಿವರ್ಷ ಆ ಗಂಟಿಗೆ ಕೈಮುಗಿಯುವುದನ್ನು ನೋಡುತ್ತ ಕೂತಿದ್ದರು.

ನಿನ್ನೆ ಆ ಗಂಟಿನ ಭತ್ತವಷ್ಟನ್ನೂ ಕುದಿಸಿ ಎಮ್ಮೆಗೇ ಹಾಕಿದೆ. ಛಲೋ ತಿಂದಿತು. ನಿನ್ನ ಉಡಿಯನ್ನು ಇನ್ನು ಅಜ್ಜಿಯೇ ತುಂಬಲಿ.

ಓದು ಬಿಡಬೇಡ. ಹೊಟ್ಟೆ ತುಂಬ ಉಣ್ಣು. ನೂರು ವರ್ಷ ಬಾಳು.

ಇಂತಿ ನಿನ್ನ ಅವ್ವ,
ಬಸವಣ್ಣೆಮ್ಮ

ತಾ.ಕ.: ಮರ ಸಿದ್ಧವಾದ ದಿನ ನೀನು ಅಪ್ಪನ ಫೋನಿಗೆ ಮಾಡಿ “ಅಜ್ಜಿಗೆ ಕೊಡ್ರಿ” ಅಂದೆ. ಅಜ್ಜಿಗೆ ಕಿವಿ ಮಂದ, ಫೋನು ಜೋರಾಗಿತ್ತು. ನಾನು ಅಲ್ಲೇ ಒಲೆಯ ಮುಂದಿದ್ದೆ. “ಅವ್ವ ಇಷ್ಟ ವರ್ಷ ಸೋನಾಗ ಕೈಮುಗದಾಳ ನೋಡಜ್ಜಿ” ಅಂದು ನೀನು ನಕ್ಕೆ. ಅವರೂ ನಕ್ಕರು. ನಿನ್ನ ನಗು ಥೇಟ್ ಅವರದೇ. ಅದು ತಿಳಿಯಲು ನನಗೆ ಯಾವ ಮರವೂ ಬೇಕಾಗಲಿಲ್ಲ.