ಮೊದಲನೆಯ ಬೇಡ

ಕಿಲ್ಕೀ,
ಆಗಸ್ಟ್ 9, 1984

ಪ್ರೀತಿಯ ಡಿಂಪ್ನಕ್ಕ,

ನೀನೂ ಕ್ಲೈವ್ ಭಾವನೂ ಕವೆಂಟ್ರಿಯಲ್ಲಿ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಾನಂತೂ ಗುಂಡುಕಲ್ಲಿನ ಹಾಗಿದ್ದೇನೆ. ಈ ಕಾಗದವನ್ನು ಅಮ್ಮನ ಮನೆಯ ಮಹಡಿಯಲ್ಲಿ, ಕಡಲಿನ ಕಡೆಯ ಕೋಣೆಯಲ್ಲಿ, ಕಿಟಕಿ ತೆರೆದಿಟ್ಟುಕೊಂಡು ಬರೆಯುತ್ತಿದ್ದೇನೆ. ಗಾಬರಿಯಾಗಬೇಡ. ನೀನು ಕರೆದೆ, ನಾನು ಬಂದೆ.

ನೆನಪಿದೆಯಲ್ಲ? ಜೂನ್ ತಿಂಗಳಲ್ಲಿ, ಚಿಕ್ಕಮ್ಮನ ಮಗಳು ಫಿಡೆಲ್ಮಾಳ ಮದುವೆಯಲ್ಲಿ, ಪಾದ್ರಿಗಳೂ ಬ್ರೈಡಿ ಚಿಕ್ಕಮ್ಮನೂ ಕೇಳುವ ಹಾಗೆ ನನ್ನ ಕೈ ಹಿಡಿದುಕೊಂಡು, "ಕಿಲ್ಕೀ ಮನೆ ಅಂದ್ರೆ ನಿನ್ನ ಮನೇನೇ ಕಣೇ ನೋರೀನ್. ಯಾವಾಗ ಬೇಕಾದ್ರೂ ಬಾ, ಎಷ್ಟು ದಿನ ಬೇಕಾದ್ರೂ ಇರು" ಅಂದೆ. ಬಾಯುಪಚಾರದ ಮಾತೆಂದು ಯಾರಿಗೆ ಗೊತ್ತಿರಲಿಲ್ಲ? ನಾನು "ಅಯ್ಯೋ, ನಿಮಗ್ಯಾಕೆ ತೊಂದರೆ" ಅನ್ನಬೇಕಿತ್ತು. ಅನ್ನಲಿಲ್ಲ. "ಆಗಲಿ ಅಕ್ಕ, ಬರ್ತೀನಿ" ಅಂದೆ. ಆಗ ನಿನ್ನ ಮುಖ ನೋಡಬೇಕಿತ್ತು. ಚಿಕ್ಕಮ್ಮ ಬಾಯಲ್ಲಿದ್ದ ಕೇಕನ್ನು ನುಂಗುವುದನ್ನೇ ಮರೆತಳು. ಬಹಳ ವರ್ಷಗಳ ಮೇಲೆ ನನಗೆ ಊಟ ರುಚಿಸಿದ್ದು ಅವತ್ತೇ.

ಬೀಗದ ಕೈಯನ್ನು ಪಕ್ಕದ ಮನೆಯ ಟಾಲ್ಟಿ ಅಮ್ಮನ ಹತ್ತಿರ ಕೇಳಿದೆ. ನನ್ನ ಪೆಟ್ಟಿಗೆಗಳು, ಹೊಲಿಗೆ ಯಂತ್ರ, ಬುಟ್ಟಿಯೊಳಗಿನ ಬೆಕ್ಕು, ಎಲ್ಲ ನೋಡಿ "ರಜೆಗೆ ಇಷ್ಟೊಂದಾ?" ಅಂದರು. ಎಷ್ಟು ದಿನ ಬೇಕಾದರೂ ಇರು ಅಂದಿದ್ದಾಳೆ ಅಂದೆ. "ಅವಳು ಹಾಗಂದ್ಲಾ?" "ಪಾದ್ರಿಗಳ ಮುಂದೆ." "ಹಾಗಾದ್ರೆ ಮುಗೀತು ಬಿಡು," ಎಂದು ಹೊಲಿಗೆ ಯಂತ್ರದ ಒಂದು ತುದಿಯನ್ನು ಅವರೇ ಹಿಡಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಬೇಸಿಗೆಯಲ್ಲಿ ಈ ಕೋಣೆಯಲ್ಲಿ ನಾವು ಮಲಗಿದ್ದೇ ಇಲ್ಲ, ನೋಡು. ಲಿಮೆರಿಕ್ಕಿನವರು ರಜೆಗೆ ಬಂದಕೂಡಲೇ ಅಮ್ಮ ಮುಂದಿನ ಕೋಣೆಗಳನ್ನೆಲ್ಲ ಅವರಿಗೆ ಬಾಡಿಗೆಗೆ ಕೊಟ್ಟು ನಮ್ಮನ್ನು ಹಿತ್ತಿಲ ಶೆಡ್ಡಿಗೆ ಅಟ್ಟುತ್ತಿದ್ದಳು. ಅವರು ಕಡಲಲ್ಲಿ ಮಿಂದು ಬಂದು, ಬೇಯಿಸಿದ ಪುಟ್ಟ ಕಡಲ ಬಸವನಹುಳುಗಳನ್ನು ಗುಂಡುಸೂಜಿಯಿಂದ ಚುಚ್ಚಿ ತೆಗೆದು ತಿನ್ನುತ್ತ ಈ ಕಿಟಕಿಯಲ್ಲಿ ಕೂರುತ್ತಿದ್ದರು. ನಾವಿಬ್ಬರೂ ಕೆಳಗಿನಿಂದ ನೋಡುತ್ತಿದ್ದೆವು. ಈಗ ನಾನೇ ದಿನಾ ಒಂದು ಪೊಟ್ಟಣ ಕೊಂಡು ತಂದು ಇಲ್ಲಿ ಕೂತು ತಿನ್ನುತ್ತೇನೆ. ಚಿಪ್ಪುಗಳನ್ನು ನಿನ್ನ ಮದುವೆಯ ಬೆಳ್ಳಿ ಬಟ್ಟಲಿಗೆ ಹಾಕುತ್ತೇನೆ. ವಾಸನೆ ಹೋಗುವುದಿಲ್ಲ ಅನ್ನುತ್ತಾರೆ.

ಅಮ್ಮ ಹೋದ ಮೇಲೆ ಕೆಳಗಿನ ಅಡುಗೆಮನೆಯಲ್ಲಿ ಕೂತು ನೀನು, "ನೋರೀನ್, ಮನೆ ನಿನಗೆ ಬೇಕಾ?" ಎಂದು ಕೇಳಿದೆ. ಅಮ್ಮ ಹಾಸಿಗೆ ಹಿಡಿದಷ್ಟು ವರ್ಷವೂ ಅವಳ ಮೈ ಒರೆಸಿದವಳು ನಾನು. ಈ ಮನೆ ಬಿಟ್ಟರೆ ನನಗೆ ಬೇರೆ ನೆಲೆ ಇರಲಿಲ್ಲ. ಆದರೂ "ಬೇಡ ಬಿಡಕ್ಕ, ನನಗ್ಯಾಕೆ, ನೀನೇ ಇಟ್ಕೋ" ಅಂದೆ. ಇನ್ನೇನು ಅನ್ನಲಿ? ಕೇಳಿದ ತಕ್ಷಣ ಕೈ ಚಾಚಲು ನಾವೇನು ಗತಿಗೆಟ್ಟವರೇ? ನಮ್ಮಲ್ಲಿ ಮೊದಲನೆಯ ಬೇಡ ಮರ್ಯಾದೆಗೆ, ಎರಡನೆಯದು ನಾಚಿಕೆಗೆ. ಮೂರನೆಯ ಸಲ ಕೇಳಿದಾಗ ಬರುವುದೇ ಉತ್ತರ. ಇದನ್ನು ನಮಗೆ ಮಾತಿಗಿಂತ ಮೊದಲೇ ಕಲಿಸಿದ್ದರು.

ನೀನು "ಸರಿ ಹಾಗಾದ್ರೆ" ಎಂದು ಚಹಾಕ್ಕೆ ಸಕ್ಕರೆ ಹಾಕಿಕೊಂಡೆ.

ನಾನು ಎರಡನೆಯ ಸಲಕ್ಕೆ ಕಾದೆ. ಲೋಟ ತೊಳೆಯುವಾಗ ಕಾದೆ. ಮರುದಿನ ಹೊರಡುವಾಗಲಾದರೂ ಕೇಳುತ್ತೀಯೆಂದು ನಿನ್ನ ಚೀಲ ಹೊತ್ತು ಬಸ್ಸಿನ ತನಕ ಬಂದೆ. ನೀನು ಕಿಟಕಿಯಿಂದ ಕೈ ಬೀಸಿದೆ. ಆಮೇಲೆ ನನ್ನ ಬಾಳು ಎನ್ನಿಸ್ ಪೇಟೆಯಲ್ಲಿ, ಔಷಧದ ಅಂಗಡಿಯ ಮೇಲಿನ ಕೋಣೆಯಲ್ಲಿ, ಕೆಮ್ಮಿನ ಮದ್ದಿನ ವಾಸನೆಯಲ್ಲಿ ಕಳೆಯಿತು. ಪಾಪ, ಇಂಗ್ಲೆಂಡಿನಲ್ಲಿದ್ದು ಇದ್ದು ನಮ್ಮ ರೀತಿ ಮರೆತಿದ್ದಾಳೆ, ಅಲ್ಲಿ ಬೇಡ ಅಂದರೆ ಬೇಡವೇ ಅಂತೆ, ಎಂದು ಊರವರು ಸಮಾಧಾನ ಹೇಳಿದರು. ನಾನು ತಲೆಯಾಡಿಸಿದೆ.

ಮೊನ್ನೆ ಲಿಮೆರಿಕ್ಕಿನ ಕ್ವಿಲಿಗನ್ ಸಾಹೇಬರು ಬಂದಿದ್ದರು. ಮನೆಯನ್ನು ನಿನ್ನಿಂದ ಕೊಂಡು, ಕೆಡವಿ, ಜೂಜಿನ ಯಂತ್ರಗಳ ಅಂಗಡಿ ಕಟ್ಟುತ್ತಾರಂತೆ. ನನಗೆ ಹೇಳುವುದಕ್ಕೆ ನಿನಗೆ ಪುರುಸೊತ್ತಾಗಿಲ್ಲ, ಇರಲಿ. ಚಹಾ ಕುಡಿಯುತ್ತೀರಾ ಅಂದೆ, ಬೇಡ ಅಂದರು. ಮೂರನೆಯ ಸಲಕ್ಕೆ ಕೂತರು. ಒಳ್ಳೆಯ ಮನೆತನದವರು. ಗೋಡೆಯಲ್ಲಿ ತೇವ ಇದೆಯೇ ಎಂದು ಕೇಳಿದರು.

"ತೇವಾನಾ? ಏನೂ ಇಲ್ಲ ಸ್ವಾಮಿ. ಚಳಿಗಾಲದಲ್ಲಿ ಕಡಲು ಒಳಗೆ ಬಂದಾಗ ಸ್ವಲ್ಪ, ಅಷ್ಟೇ. ಅದೂ ಮೂರನೇ ಮೆಟ್ಟಿಲ ತನಕ ಮಾತ್ರ" ಅಂದೆ. ಅವರು ಮೆಟ್ಟಿಲ ಕಡೆ ನೋಡಿದರು. "ಇಲಿ ಕಾಟಾನೂ ಈಗಿಲ್ಲ, ಬೆಕ್ಕಿಗೆ ಹೆದರಿ ಎಲ್ಲಾ ಸೂರಲ್ಲೇ ಇರ್ತಾವೆ" ಎಂದು ಧೈರ್ಯ ಹೇಳಿದೆ. ಅರ್ಧ ಚಹಾ ಬಿಟ್ಟು ಎದ್ದರು.

ಬಾಗಿಲಲ್ಲಿ ನಿಂತು, "ನೀವೇ ಅಲ್ವಾ ತಂಗಿ? ಮನೆ ಇನ್ನೂ ತಾಯಿ ಹೆಸರಲ್ಲೇ ಇದೆಯಂತೆ, ನಿಮ್ಮ ಸಹಿ ಇಲ್ದೆ ಮಾರೋಕಾಗಲ್ಲ ಅಂದ್ರು ನಿಮ್ಮಕ್ಕ. ಒಂದು ವಾರ ಕರೆಸಿ ಉಪಚಾರ ಮಾಡಿ ಹಾಕಿಸ್ಕೋತೀನಿ ಅಂದಿದ್ರು" ಅಂದರು.

ಮದುವೆಯಲ್ಲಿ ನೀನು ನನ್ನ ಬಲಗೈಯನ್ನೇ ಯಾಕೆ ಹಿಡಿದೆಯೆಂದು ಆಗ ಗೊತ್ತಾಯಿತು. ಹೊಟ್ಟೆ ಉರಿದುಹೋಯಿತು. ಆಮೇಲೆ, ಸುಳ್ಳು ಯಾಕೆ ಹೇಳಲಿ, ನಗು ಬಂತು.

ಹದಿನೆಂಟರ ಶನಿವಾರ ನೀವು ಬರುತ್ತೀರೆಂದು ಟಾಲ್ಟಿ ಅಮ್ಮ ಹೇಳಿದರು. ಖಂಡಿತ ಬನ್ನಿ. ಶೆಡ್ಡಿನಲ್ಲಿ ಹಾಸಿಗೆ ಹಾಸಿದ್ದೇನೆ. ರಜೆಗೆ ಬಂದವರು ಮುಂದೆ, ಮನೆಯವರು ಹಿಂದೆ, ಅಮ್ಮನ ಪದ್ಧತಿ. ಮನೆಯವಳು ನೀನಲ್ಲವೇ? ಭಾವನಿಗೆ ಬೆನ್ನುನೋವಿದ್ದರೆ ದಪ್ಪ ಕಂಬಳಿ ತರಲಿ. ಸಹಿಯನ್ನೂ ಕೇಳು, ಸಂಕೋಚಪಡಬೇಡ. ಒಂದು ಸಲ ಕೇಳಿದರೂ ಸರಿ, ಮೂರು ಸಲ ಕೇಳಿದರೂ ಸರಿ, ಈ ಬೇಡ ಇಂಗ್ಲೆಂಡಿನ ಬೇಡ. ನೀನು ಬಂದಾಗ ಚಹಾ ಬೇಕಾ ಎಂದು ನಾನೂ ಕೇಳುತ್ತೇನೆ. ಒಂದೇ ಸಲ.

ನಿನ್ನ ಕರೆಗೆ ಓಗೊಟ್ಟ ತಂಗಿ,
ನೋರೀನ್

ಮರೆತಿದ್ದೆ: ಮನೆ ಬೇಡವೆಂದು ನಾನು ಅಂದ ದಿನವೇ ಸಂಜೆ ಟಾಲ್ಟಿ ಅಮ್ಮ ಒಣದ್ರಾಕ್ಷಿಯ ಕೇಕ್ ತಂದಿದ್ದರು. "ಅಯ್ಯೋ ಬೇಡಿ, ಈಗಷ್ಟೇ ತಿಂದೆ" ಅಂದೆ ನೀನು. ಮತ್ತೆ ಕೇಳಿದರು, ಮತ್ತೆ ಬೇಡ ಅಂದೆ. ಮೂರನೆಯ ಸಲ ಕೇಳಿದಾಗ ನೀನೇ ತಟ್ಟೆ ಮುಂದೆ ಮಾಡಿದೆ. ನೀನು ಏನನ್ನೂ ಮರೆತಿರಲಿಲ್ಲ, ಅಕ್ಕ. ಆ ತುಂಡನ್ನು ಕತ್ತರಿಸಿ ತಟ್ಟೆಗೆ ಹಾಕಿದವಳು ನಾನೇ.